ಅಗ್ಗದ ಮದ್ಯ ಗಡಿಯ ಯಾವ ಬದಿಗೆ?

ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿ ಹೋಬಳಿಯಿರುವ ಕೆಜಿಎಫ್ ತಾಲ್ಲೂಕು ಆಂಧ್ರಪ್ರದೇಶಕ್ಕೆ ಹೊಂದಿಕೊಂಡಿದೆ. ಇಂಥ ಗಡಿಯಲ್ಲಿ ಬಡವನ ಕೈಗೆಟಕುವ ಮದ್ಯ ಯಾವ ಬದಿಯಲ್ಲಿ ಸಿಗಬೇಕೆಂಬುದನ್ನು ಎರಡು ರಾಜಧಾನಿಗಳ ತೆರಿಗೆ ನೀತಿ ನಿರ್ಧರಿಸುತ್ತದೆ.

2020ರ ಮೇ ತಿಂಗಳಲ್ಲಿ ಆಂಧ್ರ ಸರ್ಕಾರ ಮದ್ಯದ ಬೆಲೆಯನ್ನು ಶೇ 75ರಷ್ಟು ಏರಿಸಿತು. ಕರ್ನಾಟಕದ ಸಣ್ಣ ಪೊಟ್ಟಣಗಳು ಕಳ್ಳದಾರಿಯಲ್ಲಿ ಗಡಿ ದಾಟಿದವು. ಪಾನನಿಗ್ರಹದ ಮಾತು ಕಾಗದದಲ್ಲೇ ಉಳಿಯಿತು. 2023ರ ಜುಲೈ ಬಜೆಟ್‌ನಲ್ಲಿ ಕರ್ನಾಟಕವು ಎಲ್ಲ 18 ಬೆಲೆ ಹಂತಗಳಲ್ಲೂ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ 20ರಷ್ಟು ಹೆಚ್ಚಿಸಿತು. 2024ರ ಅಕ್ಟೋಬರ್‌ನಲ್ಲಿ ಆಂಧ್ರವು ಅಂಗಡಿಗಳನ್ನು ಖಾಸಗಿಯವರಿಗೆ ಒಪ್ಪಿಸಿ, 180 ಮಿ.ಲೀ. ಮದ್ಯವನ್ನು 99 ರೂಪಾಯಿಗೆ ಒದಗಿಸಲು ಮುಂದಾಯಿತು. ಲೆಕ್ಕ ತಿರುಗಿತು.

ಸ್ಥಳೀಯ ಬಾರ್ ಇದಕ್ಕೆ ಪರಿಹಾರವೇ? ಸಿಎಲ್-2 ಅಂಗಡಿಯಲ್ಲಿ ಮುದ್ರಿತ ಬೆಲೆಗೆ ಸಿಗುತ್ತದೆ, ಕುಳಿತು ಕುಡಿಯುವಂತಿಲ್ಲ; ಸಿಎಲ್-9 ಬಾರ್‌ನಲ್ಲಿ ಕುಳಿತುಕೊಳ್ಳಬಹುದು, ಜೇಬು ಒಪ್ಪಬೇಕು. 2007ರ ಜುಲೈ 1ರಂದು ಸಾರಾಯಿ ನಿಷೇಧವಾದ ಬಳಿಕ ಕೂಲಿಕಾರನಿಗೆ ಉಳಿದದ್ದು ಕೆಳ ಹಂತದ ಮದ್ಯವಷ್ಟೆ.

ವಿಚಿತ್ರವೆಂದರೆ, ನೆರೆರಾಜ್ಯಗಳ ಬೆಲೆಗೆ ಸರಿಹೊಂದಿಸುವ ವಾದವನ್ನು ಮುಂದಿಟ್ಟು ಕರ್ನಾಟಕ 2024ರ ಆಗಸ್ಟ್‌ನಲ್ಲಿ ಇಳಿಸಿದ್ದು ದುಬಾರಿ ಮದ್ಯದ ಸುಂಕವನ್ನು. ಕೆಳ ಹಂತಗಳ ಸುಂಕವೋ, 2025ರ ಮೇ ತಿಂಗಳಲ್ಲಿ ಮತ್ತೆ ಏರಿತು.