ಸಕ್ಕರೆ ಇಲ್ಲದ ಸಿಹಿ ಎಲ್ಲಿಂದ ಬಂತು?



ಮೊನ್ನೆ ನಮ್ಮೂರ ಅಂಗಡಿ ಮುಂದೆ ಮೂರು ಎಕರೆ ಕಬ್ಬು ಬೆಳೆಯೋ ಗೆಳೆಯನೊಬ್ಬ ಮೊಮ್ಮಗನಿಗೆ 'ಜೀರೋ ಶುಗರ್' ಬಾಟಲಿ ಕೊಡಿಸ್ತಿದ್ದ. ಯಾಕಪ್ಪಾ ಅಂದೆ. "ಸಕ್ಕರೆ ಇಲ್ಲವಂತೆ ಕಣಣ್ಣ, ಮೈಗೆ ಒಳ್ಳೇದು" ಅಂದ. ಸಕ್ಕರೆ ಇಲ್ಲದ ಮೇಲೆ ಸಿಹಿ ಎಲ್ಲಿಂದ ಬಂತು ಸ್ವಾಮಿ?

ಬಾಟಲಿ ತಿರುಗಿಸಿ ನೋಡಿ. ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರದಲ್ಲಿ ನಂಬರುಗಳಿರುತ್ತವೆ. 950 ಅಂದರೆ ಅಸೆಸಲ್ಫೇಮ್, 951 ಆಸ್ಪರ್ಟೇಮ್, 954 ಸ್ಯಾಕರಿನ್, 955 ಸುಕ್ರಲೋಸ್. ಈ ಸ್ಯಾಕರಿನ್ 1879ರಲ್ಲಿ ಅಮೆರಿಕದಲ್ಲಿ ಕಲ್ಲಿದ್ದಲ ಡಾಂಬರಿನ ಮೇಲೆ ಪ್ರಯೋಗ ಮಾಡುವಾಗ ಸಿಕ್ಕ ವಸ್ತು.

ಕಂಪನಿಗಳಿಗೆ ಇದರ ಮೇಲೆ ಯಾಕಿಷ್ಟು ಪ್ರೀತಿ? ಲೆಕ್ಕ ಹಾಕಿ. ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. ಒಂದು ಕಿಲೋ ಪುಡಿ ಆರು ಕ್ವಿಂಟಲ್ ಸಕ್ಕರೆಯ ಕೆಲಸ ಮಾಡುತ್ತೆ. ಶೇ. 10 ಇಳುವರಿ ಹಿಡಿದರೂ ಅದು ನಮ್ಮ ಆರು ಟನ್ ಕಬ್ಬು! ವರ್ಷವಿಡೀ ನೀರು ಕಟ್ಟಿ, ಕಟಾವಿನ ಆಳಿಗೆ ಸಾಲ ಮಾಡಿ, 14 ದಿನದಲ್ಲಿ ಬರಬೇಕಾದ ಹಣಕ್ಕೆ ತಿಂಗಳುಗಟ್ಟಲೆ ಅಲೆಯೋ ಕಬ್ಬು.

ತನ್ನ ಕಬ್ಬಿಗೋಸ್ಕರ ಹೀಗಂತಾನೆ ಅನ್ನಬಹುದು ನೀವು. ಅನ್ನಿ. ಸಕ್ಕರೆಯೂ ಮಿತಿಯಲ್ಲಿರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ, ನಾನೂ ಒಪ್ಪುತ್ತೇನೆ. ಅದೇ ಸಂಸ್ಥೆ 2023ರ ಮೇ ತಿಂಗಳಲ್ಲಿ ಏನು ಹೇಳಿತು? ತೂಕ ಇಳಿಸೋದಕ್ಕೆ ಈ ಕೃತಕ ಸಿಹಿ ಬಳಸಬೇಡಿ. ಬಹುಕಾಲದ ಲಾಭ ಕಾಣೆ, ಬದಲಿಗೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಯ ಅಪಾಯ ಹೆಚ್ಚಬಹುದು ಎಂದು. 2022ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಆರೋಗ್ಯವಂತರಿಗೇ ಎರಡು ವಾರ ಕೊಟ್ಟು ನೋಡಿದರು. ಸ್ಯಾಕರಿನ್, ಸುಕ್ರಲೋಸ್ ತಿಂದವರಲ್ಲಿ ರಕ್ತದ ಸಕ್ಕರೆ ಹತೋಟಿ ಕೆಟ್ಟಿತು, ಕರುಳಿನ ಸೂಕ್ಷ್ಮಜೀವಿಗಳೂ ಬದಲಾದವು. ಸಕ್ಕರೆ ಕಾಯಿಲೆಗೆ ಹೆದರಿ ಕೊಂಡ ಬಾಟಲಿಯ ಕಥೆ ಇದು!

ಸುಳ್ಳು ಹೇಳಿ ಹೆದರಿಸೋದು ನನ್ನ ಕಸುಬಲ್ಲ. ಆಸ್ಪರ್ಟೇಮನ್ನು 2023ರ ಜುಲೈನಲ್ಲಿ 'ಕ್ಯಾನ್ಸರ್ ತರಬಹುದಾದದ್ದು' ಎಂಬ ಪಟ್ಟಿಗೆ ಸೇರಿಸಿದರು, ನಿಜ. ಅದೇ ದಿನ ಇನ್ನೊಂದು ಸಮಿತಿ, ಮೈತೂಕದ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೇ ಮಿತಿಯನ್ನು ಹಾಗೇ ಉಳಿಸಿತು. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಆ ಮೇ ತಿಂಗಳ ಸಲಹೆ ಅನ್ವಯಿಸುವುದಿಲ್ಲ, ಅವರು ಡಾಕ್ಟರನ್ನೇ ಕೇಳಲಿ. ನನ್ನ ಜಗಳ ಇರೋದು ಗಟ್ಟಿಮುಟ್ಟಾದ ಮಕ್ಕಳಿಗೆ 'ಆರೋಗ್ಯ' ಅಂತ ಇದನ್ನು ಮಾರೋರ ಮೇಲೆ.

ಕೃತಕ ಸಿಹಿ ಹಾಕಿದೆ ಅಂತ ಬಾಟಲಿಯ ಮುಂಭಾಗದಲ್ಲೇ, ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆಯಲಿ. ಇದನ್ನು ಸರ್ಕಾರದ ಮುಂದಿಡಬೇಕು. ಮುಂದಿನ ಸಭೆಗೆ ಬರುವಾಗ ನಿಮ್ಮ ಮನೆಯ ಖಾಲಿ ಪೊಟ್ಟಣ, ಬಾಟಲಿಗಳನ್ನು ತನ್ನಿ. ಓದಿದ ಹುಡುಗರನ್ನೂ ಕರ್ಕೊಂಡು ಬನ್ನಿ, ಆ ಅಕ್ಷರ ನಮ್ಮ ಕಣ್ಣಿಗೆ ಹತ್ತೋದಿಲ್ಲ.