ಬಡ ತಾಯಿಗೆ ಕಳಪೆಯೇ ಸಾಕೆ?

ಉಚಿತವಾಗಿ ಸಿಗುವ ವಸ್ತುವಿನ ಗುಣಮಟ್ಟವನ್ನು ಪ್ರಶ್ನಿಸಬಾರದೆಂಬ ಅಲಿಖಿತ ನಿಯಮವೊಂದು ನಮ್ಮ ಸಾರ್ವಜನಿಕ ಜೀವನದಲ್ಲಿ ಬೇರುಬಿಟ್ಟಿದೆ. ಬಡವರ ಪಾಲಿಗೆ ಬಂದದ್ದು ಹೇಗಿದ್ದರೂ ಉಪಕಾರವೇ ಎಂದು ಭಾವಿಸಲಾಗುತ್ತದೆ. ಪಡಿತರದ ಅಕ್ಕಿಯ ವಿಷಯದಲ್ಲಿ ಈ ಧೋರಣೆ ಅನ್ಯಾಯವೆನಿಸಿದರೆ, ಹೆರಿಗೆಯ ಕೋಣೆಯಲ್ಲಿ ಅದು ಪ್ರಾಣಾಪಹಾರಿಯಾಗುತ್ತದೆ.

2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ಅಸ್ವಸ್ಥರಾದರು. ಅವರಲ್ಲಿ ಐವರು ಮರಳಿ ಮನೆ ಸೇರಲಿಲ್ಲ. ಅವರಿಗೆ ನೀಡಿದ್ದ ಐವಿ ದ್ರಾವಣದ ಮೇಲೆ ಸಂಶಯ ಮೂಡಿತು. ಅದೇ ಕಂಪೆನಿಯ ಕೆಲವು ಬ್ಯಾಚುಗಳು ರಾಜ್ಯದ ಪ್ರಯೋಗಾಲಯದಲ್ಲಿ ಮೊದಲೇ ಅನುತ್ತೀರ್ಣವಾಗಿದ್ದವು, ಆದರೆ ಕೇಂದ್ರದ ಪ್ರಯೋಗಾಲಯ ಅವನ್ನು ಸರಿಯಿವೆ ಎಂದಿತ್ತು ಎಂದು ಬಳಿಕ ರಾಜ್ಯ ಸರಕಾರವೇ ತಿಳಿಸಿತು. ಔಷಧ ನಿಯಂತ್ರಕರ ಅಮಾನತಾಯಿತು, ಪರಿಹಾರ ಘೋಷಣೆಯಾಯಿತು. ಎರಡು ಪ್ರಯೋಗಾಲಯಗಳ ನಡುವಿನ ಈ ವಿವಾದಕ್ಕೆ ಬೆಲೆ ತೆತ್ತವರು ಮಾತ್ರ ಆ ತಾಯಂದಿರು.

ಅಗ್ಗವಾಗಿ ಖರೀದಿಸುವಾಗ ಇದೆಲ್ಲ ಅನಿವಾರ್ಯವೆಂದು ಸಮಜಾಯಿಷಿ ನೀಡುವವರಿದ್ದಾರೆ. ಇದು ಶುದ್ಧ ಸುಳ್ಳು. ಚೆನ್ನೈಯ ಮುಸ್ಲಿಮ್ ಕುಟುಂಬದಲ್ಲಿ ಬೆಳೆದ ಇಂಜಿನಿಯರ್ ಝುಬೈದಾ ಬಾಯಿಯವರು ಅದನ್ನು ಸಾಬೀತುಪಡಿಸಿದ್ದಾರೆ. ರಾಜಸ್ಥಾನದಲ್ಲಿ ಸೂಲಗಿತ್ತಿಯೊಬ್ಬಳು ಹುಲ್ಲು ಕೊಯ್ಯುವ ಕುಡುಗೋಲಿನಿಂದಲೇ ಹೊಕ್ಕುಳಬಳ್ಳಿ ಕತ್ತರಿಸುತ್ತಿದ್ದುದನ್ನು ತಿಳಿದು ಅವರು ತಲ್ಲಣಗೊಂಡರು. ಬಳಿಕ ತಮ್ಮ ಸಂಸ್ಥೆಯ ಮೂಲಕ 'ಜನ್ಮ' ಎಂಬ ಕಿಟ್ಟನ್ನು ರೂಪಿಸಿದರು. ಸಾಬೂನು, ಹೊಸ ಬ್ಲೇಡು, ಬಳ್ಳಿಗೆ ಹಾಕುವ ಕ್ಲಿಪ್ಪು, ಶುಭ್ರವಾದ ಹಾಸು - ಅದರಲ್ಲಿರುವುದು ಮುಖ್ಯವಾಗಿ ಇಷ್ಟೆ. ಬೆಲೆ ಎರಡರಿಂದ ಐದು ಡಾಲರಿನೊಳಗಿತ್ತು. ಶುದ್ಧ ಕೈ, ಶುದ್ಧ ಹಾಸು, ಶುದ್ಧ ಬ್ಲೇಡು ಇದ್ದರೆ ನಂಜು ಮತ್ತು ಧನುರ್ವಾಯುವಿನಿಂದ ತಾಯಿ-ಮಗುವನ್ನು ಬಹುಮಟ್ಟಿಗೆ ರಕ್ಷಿಸಬಹುದು ಎಂಬುದು ವೈದ್ಯಲೋಕಕ್ಕೆ ಹೊಸ ವಿಷಯವೇನಲ್ಲ.

ಆದರೆ ಗಮನಿಸಬೇಕಾದ ಅಂಶ ಬೇರೆ ಇದೆ. ಮನೆಯಲ್ಲಿ ಹೆರುವವರಿಗಷ್ಟೇ ಅಲ್ಲ, ಆಸ್ಪತ್ರೆ, ಕ್ಲಿನಿಕ್ಕುಗಳಿಗೂ ಈ ಕಿಟ್ ಬೇಕಾಯಿತು. ಹೊಸ ಬ್ಲೇಡು ಮತ್ತು ಸಾಬೂನನ್ನು ಆಸ್ಪತ್ರೆಗೆ ಮಾರಬೇಕಾಗಿ ಬಂದದ್ದು ಉದ್ಯಮದ ಯಶಸ್ಸಾಗಿರಬಹುದು; ವ್ಯವಸ್ಥೆಯ ಪಾಲಿಗೆ ಅದು ದೋಷಾರೋಪ ಪಟ್ಟಿ.

ತಾಯ್ತನದಲ್ಲೂ ವ್ಯಾಪಾರವೇ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಬೆಲೆ ಕೊಟ್ಟವನಿಗೆ ಕೆಟ್ಟದ್ದನ್ನು ತಿರಸ್ಕರಿಸುವ ಹಕ್ಕಿದೆ. ದಾನ ಪಡೆದವನಿಗೆ ಆ ಹಕ್ಕನ್ನು ನಾವು ಕೊಟ್ಟಿಲ್ಲ. ಬಡ ತಾಯಿಯನ್ನು ಗಿರಾಕಿಯಂತೆ ಗೌರವಿಸಿದ ಉದ್ಯಮ, ಆಕೆಯನ್ನು ಭಿಕ್ಷುಕಿಯಂತೆ ಕಾಣುವ ಆಡಳಿತಕ್ಕಿಂತ ಎಷ್ಟೋ ಮೇಲು. ಹಾಗೆಂದು ಸರಕಾರದ ಹೊಣೆಯನ್ನು ಕಿಟ್ಟಿನ ಚೀಲಕ್ಕೆ ತುಂಬಿ ಕೈತೊಳೆದುಕೊಳ್ಳುವಂತಿಲ್ಲ. ರಕ್ತಸ್ರಾವವಾಗುವ ತಾಯಿಗೆ ಬೇಕಾದುದು ರಕ್ತ ಮತ್ತು ವೈದ್ಯರು. ಯಾವ ಚೀಲದಲ್ಲೂ ಅವು ಸಿಗುವುದಿಲ್ಲ.

ನಮ್ಮ ರಾಜ್ಯವನ್ನೇ ನೋಡಿ. 2007ರಲ್ಲಿ ಆರಂಭವಾದ 'ಮಡಿಲು' ಯೋಜನೆಯಲ್ಲಿ ಸೊಳ್ಳೆಪರದೆ, ಸಾಬೂನು, ಮಗುವಿನ ಬಟ್ಟೆಗಳಿದ್ದವು. ಅದೊಂದು ಒಳ್ಳೆಯ ಕ್ರಮವೇ. ಆದರೆ ಆ ಕಿಟ್ ಕೈಗೆ ಬರುತ್ತಿದ್ದುದು ಹೆರಿಗೆಯ ನಂತರ, ಅದೂ ಎರಡು ಹೆರಿಗೆಗಳಿಗೆ ಮಾತ್ರ. ಮೂರನೆಯ ಮಗುವಿನ ತಾಯಿಗೆ ಚಳಿ, ಸೊಳ್ಳೆ ತಾಗುವುದಿಲ್ಲವೇ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಶೇ. 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗಿವೆ. ಹೀಗಿದ್ದೂ 2018-20ರಲ್ಲಿ ಇಲ್ಲಿ ಲಕ್ಷ ಜೀವಂತ ಜನನಗಳಿಗೆ 69 ತಾಯಂದಿರು ಮರಣ ಹೊಂದಿದರು. ತಮಿಳುನಾಡಿನಲ್ಲಿ ಈ ಸಂಖ್ಯೆ 54, ಕೇರಳದಲ್ಲಿ 19. ಅಂದರೆ ನಮ್ಮ ಹೆಣ್ಣುಮಕ್ಕಳು ಆಸ್ಪತ್ರೆಯ ಬಾಗಿಲನ್ನೇನೋ ತಲುಪಿದ್ದಾರೆ, ಒಳಗೆ ಅವರಿಗೆ ಸಿಗಬೇಕಾದುದು ಸಿಕ್ಕಿಲ್ಲ.

ಖರೀದಿಸಿದ ಪ್ರತಿಯೊಂದು ಬ್ಯಾಚಿನ ಪರೀಕ್ಷಾ ವರದಿಯನ್ನು ಸರಕಾರ ಬಹಿರಂಗಪಡಿಸಲಿ. ವಿವಾದವಿರುವ ಬ್ಯಾಚು ತೀರ್ಪಾಗುವ ತನಕ ವಾರ್ಡಿಗೆ ಬಾರದಿರಲಿ. ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗಳಲ್ಲಿರುವ ನಮ್ಮ ಪ್ರತಿನಿಧಿಗಳು ಸಭೆಯ ಚಹಾ ಕುಡಿದು ಬರುವುದನ್ನು ಬಿಟ್ಟು, ಹೆರಿಗೆ ಕೋಣೆಯ ಸಾಮಗ್ರಿಗಳ ಲೆಕ್ಕ ಕೇಳಲಿ. ಕುಟುಂಬದವರೂ ಅಷ್ಟೆ. ತೊಟ್ಟಿಲಿನ ಸಂಭ್ರಮಕ್ಕೆ ಸಾವಿರಾರು ರೂಪಾಯಿ ವ್ಯಯಿಸುವ ನಾವು, ಬ್ಲೇಡು ಹೊಸದೇ ಎಂದು ಕೇಳಲು ಸಂಕೋಚಪಡುವುದೇಕೆ?

ಬಡವಳ ಪ್ರಾಣಕ್ಕೆ ಬೇರೆ ದರ್ಜೆಯಿಲ್ಲ. ಅವಳಿಗೆ ಕೊಡುವ ವಸ್ತುವಿಗೂ ಬೇರೆ ದರ್ಜೆ ಇರಕೂಡದು.