ಮೊಬೈಲ್ ಸ್ಕೋರ್ ಬರಲಿ, ಎರಡನೇ ಸ್ಕೋರರ್ ಉಳಿಯಲಿ

ಸ್ಥಳೀಯ ಕ್ರಿಕೆಟ್ ಕ್ಲಬ್‌ಗಳಲ್ಲಿ ಸ್ಕೋರ್ ಪುಸ್ತಕದ ಜಾಗಕ್ಕೆ ಮೊಬೈಲ್ ಬರುತ್ತಿದೆ. ಎಸೆತಕ್ಕೊಮ್ಮೆ ಪರದೆ ಒತ್ತಿದರೆ ಬೆಂಗಳೂರಿನ ಮತ್ತಿಕೆರೆಯ ಪಂದ್ಯ ಊರಾಚೆ ಇರುವವರಿಗೂ ಆಗಲೇ ಕಾಣುತ್ತದೆ. ಅಹಮದಾಬಾದಿನ ಕ್ರಿಕ್‌ಹೀರೋಸ್‌ನಂಥ ಆ್ಯಪ್‌ಗಳು ಇದನ್ನು ಟೆನಿಸ್ ಬಾಲ್ ಟೂರ್ನಿಗಳವರೆಗೂ ತಂದಿವೆ. ಇದರ ಲಾಭ ನಿಜವಾದದ್ದು. ಕೆಳ ಡಿವಿಷನ್ನಿನಲ್ಲಿ ವರ್ಷಗಟ್ಟಲೆ ಆಡಿ, ಪತ್ರಿಕೆಯ ಕ್ರೀಡಾಪುಟಕ್ಕೆ ಎಂದೂ ಏರದ ಹುಡುಗನ ರನ್ನು, ವಿಕೆಟ್ಟುಗಳಿಗೆ ಮೊದಲ ಸಲ ಶಾಶ್ವತ ಲೆಕ್ಕ ಸಿಕ್ಕಿದೆ.

ಆದರೆ ಆ್ಯಪ್ ಬಂದ ಮೇಲೆ ಪುಸ್ತಕವೇ ಬೇಡ ಎಂಬ ವಾದ ತಪ್ಪು. ಕ್ರಿಕೆಟ್ಟಿನ 3ನೇ ನಿಯಮ ಇಬ್ಬರು ಸ್ಕೋರರ್‌ಗಳನ್ನು ಕೇಳುತ್ತದೆ. ಅವರು ಆಗಾಗ ಪರಸ್ಪರ ಲೆಕ್ಕ ತಾಳೆ ನೋಡಬೇಕು, ಅಂಪೈರ್ ಕೊಟ್ಟ ಪ್ರತಿ ಸಂಜ್ಞೆಗೂ ಉತ್ತರಿಸಬೇಕು. ಫೋನ್ ಬಂದಲ್ಲಿ ಆಗುವುದೇ ಬೇರೆ. ಬ್ಯಾಟಿಂಗ್ ಸರದಿಗೆ ಕಾಯುವವನ ಕೈಗೆ ಫೋನ್ ಹೋಗುತ್ತದೆ, ಅವನು ಪ್ಯಾಡ್ ಕಟ್ಟುವಾಗ ಇನ್ನೊಬ್ಬನಿಗೆ ದಾಟುತ್ತದೆ. ಅಂಪೈರ್ ಕಾಲು ತಟ್ಟಿ ಲೆಗ್ ಬೈ ತೋರಿಸಿದ್ದು ಗಮನಕ್ಕೆ ಬಾರದೆ ಆ ನಾಲ್ಕು ರನ್ ಬ್ಯಾಟರ್ ಹೆಸರಿಗೂ ಬೌಲರ್ ಲೆಕ್ಕಕ್ಕೂ ಬೀಳುತ್ತವೆ. ಪುಸ್ತಕದಲ್ಲಿ ಬ್ಯಾಟಿಂಗ್ ಮತ್ತು ಬೌಲಿಂಗ್ ಲೆಕ್ಕಗಳನ್ನು ಬೇರೆ ಬೇರೆಯಾಗಿ ಬರೆಯುವುದರಿಂದ, ಒಂದು ಕಡೆ ತಪ್ಪಿದರೆ ಮೊತ್ತ ತಾಳೆಯಾಗದೆ ತಪ್ಪು ಸಿಕ್ಕಿಬೀಳುತ್ತದೆ. ಆ್ಯಪ್‌ನಲ್ಲಿ ಎರಡೂ ಒಂದೇ ಒತ್ತಿನಿಂದ ಹುಟ್ಟುತ್ತವೆ. ಒತ್ತಿದ್ದು ತಪ್ಪಾದರೂ ಮೊತ್ತ ಸರಿಯಾಗಿಯೇ ಕೂಡುತ್ತದೆ. ಬೌಲರ್‌ಗೆ ಆದ ಅನ್ಯಾಯ ಯಾರಿಗೂ ತಿಳಿಯುವುದಿಲ್ಲ. ಆಯ್ಕೆಗೆ ಈ ಅಂಕಿಗಳನ್ನೇ ಮುಂದಿಟ್ಟಾಗ ಅದು ಸಣ್ಣ ಅನ್ಯಾಯವಲ್ಲ.

ನೇರ ಪ್ರಸಾರಕ್ಕೆ ಇನ್ನೊಂದು ಅಪಾಯವಿದೆ: ಬಾಜಿ. 2020ರಲ್ಲಿ ಮೊಹಾಲಿ ಬಳಿಯ ಹಳ್ಳಿಯೊಂದರ ಆಟವನ್ನು ಶ್ರೀಲಂಕಾದ ಲೀಗ್ ಎಂದು ತೋರಿಸಲಾಯಿತು. 2022ರಲ್ಲಿ ಗುಜರಾತಿನ ಮೋಲಿಪುರದಲ್ಲಿ ಕೂಲಿಗಳಿಗೆ ಜರ್ಸಿ ತೊಡಿಸಿ, ರಷ್ಯಾದ ಬಾಜಿದಾರರಿಗಾಗಿ ನಕಲಿ ಐಪಿಎಲ್ ಆಡಿಸಲಾಯಿತು. 2019ರ ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಫಿಕ್ಸಿಂಗ್ ಪ್ರಕರಣವನ್ನು ತನಿಖೆ ಮಾಡಿದ್ದು ಬೆಂಗಳೂರು ಪೊಲೀಸರ ಕೇಂದ್ರ ಅಪರಾಧ ವಿಭಾಗವೇ (ಸಿಸಿಬಿ). ಹೆಸರಿಲ್ಲದ ಮೈದಾನದ ಮೇಲೆ ಯಾರೂ ಹಣ ಕಟ್ಟುವುದಿಲ್ಲ ಎಂಬ ನಂಬಿಕೆಗೆ ಇನ್ನು ಆಧಾರವಿಲ್ಲ.

ಆಟಗಾರರಲ್ಲಿ ಶಾಲಾ ಮಕ್ಕಳೂ ಇರುತ್ತಾರೆ. 18 ತುಂಬದವರ ಡಿಜಿಟಲ್ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಹುಡುಗನ ಫೋಟೊ, ಫೋನ್ ನಂಬರ್ ಸೇರಿಸುವ ಮುನ್ನ ಮನೆಯವರನ್ನು ಕೇಳುವುದು ಕ್ಲಬ್ಬಿನ ಹೊಣೆ.

ಆದ್ದರಿಂದ ಮತ್ತಿಕೆರೆ, ಯಶವಂತಪುರ, ಜಾಲಹಳ್ಳಿಯ ಕ್ಲಬ್‌ಗಳು ಆ್ಯಪ್ ತರಲಿ. ಒಂದು ತಂಡದವರ ಕೈಯಲ್ಲಿ ಫೋನ್, ಇನ್ನೊಂದು ತಂಡದವರ ಕೈಯಲ್ಲಿ ಪುಸ್ತಕ ಇರಲಿ. ಇಬ್ಬರೂ ಅಕ್ಕಪಕ್ಕ ಕೂತು ಓವರಿಗೊಮ್ಮೆ ತಾಳೆ ನೋಡಲಿ. ಮಕ್ಕಳ ಪಂದ್ಯದ ಸ್ಕೋರು ಆಟ ಮುಗಿದ ಮೇಲೆ ಪ್ರಕಟವಾಗಲಿ. ಸ್ಕೋರರ್ ಕೆಲಸವನ್ನು ಸರದಿಗೆ ಕಾಯುವವನಿಗೋ ಔಟಾಗಿ ಬಂದವನಿಗೋ ಒಪ್ಪಿಸುವ ರೂಢಿಯನ್ನು ಕ್ಲಬ್‌ಗಳು ಈ ಸೀಸನ್ನಿನಿಂದಲೇ ನಿಲ್ಲಿಸಬೇಕು.